ಒಂದು ಗಂಟೆ ಹತ್ತು ನಿಮಿಷದ ದಾರಿ

ಎರಡು ವಿಮಾನ ನಿಲ್ದಾಣಗಳ ನಡುವೆ ಏಳುನೂರ ನಲವತ್ತು ಕಿಲೋಮೀಟರು, ಹಾರಾಟದ ಸಮಯ ಒಂದು ಗಂಟೆ ಹತ್ತು ನಿಮಿಷ ಅಂತ ಮೊಬೈಲಿನಲ್ಲಿ ಬರೆದಿತ್ತು. ಬರೆದ ಪುಣ್ಯಾತ್ಮ ಯಾರೋ, ಭೂಪಟದ ಮೇಲೆ ಸ್ಕೇಲಿಟ್ಟು ಒಂದು ಗೀಟೆಳೆದು ಕೈ ತೊಳೆದುಕೊಂಡಿದ್ದ. ಪ್ರಯಾಣಿಕರು ಕಾಯುವ ಜಾಗದಲ್ಲಿ, ತಣ್ಣಗೆ ಕೊರೆಯುವ ಉಕ್ಕಿನ ಕುರ್ಚಿಯ ಮೇಲೆ ಕೂತಿದ್ದ ಲಿಫ್ಟ್ ಮೇಸ್ತ್ರಿ ಆ ಎರಡು ಸಾಲನ್ನು ಬೆಳಗಿನಿಂದ ಎಷ್ಟು ಸಲ ಓದಿದ್ದನೋ, ಓದಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು. ಒಂದು ಗಂಟೆ ಹತ್ತು ನಿಮಿಷವಂತೆ! ಆ ಊರಿಗೆ ಹೋಗಬೇಕು ಅಂತ ಅವನು ಹೆಂಡತಿಯನ್ನು ಕರೆದುಕೊಂಡು ಇದೇ ನಿಲ್ದಾಣಕ್ಕೆ ಬಂದು ವರ್ಷದ ಮೇಲಾಗಿತ್ತು. ಹೆಂಡತಿ ಅವತ್ತೇ ಅಲ್ಲಿ ತಲುಪಿ ಅಲ್ಲೇ ಉಳಿದುಬಿಟ್ಟಿದ್ದಳು. ಅವನ ಮಟ್ಟಿಗೆ ಆ ದಾರಿ ಇನ್ನೂ ಸವೆದಿರಲಿಲ್ಲ. ಇವತ್ತು ತಲೆಯೇ ಹೋದರೂ ಸರಿ, ಹತ್ತುವುದು, ಕೂರುವುದು, ಇಳಿಯುವುದಿದ್ದರೆ ಆ ಕಡೆಯೇ ಇಳಿಯುವುದು ಅಂತ ಅವನು ರಾತ್ರಿಯೇ ತೀರ್ಮಾನ ಮಾಡಿದ್ದ. ತೀರ್ಮಾನವೇನೋ ಗಟ್ಟಿಯಾಗಿತ್ತು. ಆದರೂ ಎರಡೂ ಕೈಯಿಂದ ಕುರ್ಚಿಯ ಅಂಚನ್ನು ಹಿಡಿದುಕೊಂಡೇ ಕೂತಿದ್ದ.

ಯಾರಿಗೂ ಹೇಳಿರಲಿಲ್ಲ. ಹೇಳಿ ಹೊರಟು ಅರ್ಧಕ್ಕೆ ತಿರುಗಿ ಬಂದರೆ ಅಳಿದುಳಿದ ಮಾನವೂ ಮೂರು ಕಾಸಿಗೆ ಹರಾಜಾಗುತ್ತದೆ. ಬೆಳಿಗ್ಗೆ ಎಂದಿನಂತೆ ಕೆಲಸಕ್ಕೂ ಹೋಗಿದ್ದ. ಎಂಟು ಮಹಡಿಯ ಕಟ್ಟಡವೊಂದರಲ್ಲಿ ಲಿಫ್ಟು ಮಹಡಿಯ ಮಟ್ಟಕ್ಕೆ ನಿಲ್ಲದೆ ನಾಲ್ಕು ಬೆರಳು ಕೆಳಗೆ ನಿಲ್ಲುತ್ತಿದೆ, ಯಾರೋ ಮುದುಕಿ ಎಡವಿದಳು ಅಂತ ದೂರು ಬಂದಿತ್ತು. ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ನಿಂತು, ಕತ್ತಲ ಕೊಳವೆಯಲ್ಲಿ ಮೇಲಕ್ಕೂ ಕೆಳಕ್ಕೂ ಸಾಗುತ್ತ, ಉಕ್ಕಿನ ಹಗ್ಗಗಳನ್ನು ಒಂದೊಂದಾಗಿ ಹಳೇ ಬಟ್ಟೆಯಿಂದ ಸವರಿದ. ಸಾವಿರ ಎಳೆಯಲ್ಲಿ ಒಂದೇ ಒಂದು ಎಳೆ ಕಿತ್ತಿದ್ದರೂ ಬಟ್ಟೆಗೆ ಸಿಕ್ಕಿ ಹೇಳಿಬಿಡುತ್ತದೆ. ಕಾಲ ಕೆಳಗೆ ಎಂಟು ಮಹಡಿಯಷ್ಟು ಬರೀ ಕತ್ತಲೆ. ಅಲ್ಲಿ ಅವನ ಎದೆ ಒಂದು ಸಲವೂ ಡವಗುಟ್ಟಿದ್ದಿಲ್ಲ. ಹಗ್ಗ ಏನು, ಬ್ರೇಕು ಏನು, ಹಗ್ಗ ಹರಿದರೂ ಪಕ್ಕದ ಹಳಿಯನ್ನು ಕಚ್ಚಿ ಹಿಡಿಯುವ ದವಡೆ ಏನು, ಎಲ್ಲವನ್ನೂ ಅವನ ಕೈ ಮುಟ್ಟಿ ನೋಡಿದೆ. ಕೈ ಮುಟ್ಟಿದ ಮೇಲೆ ಹೆದರಿಕೆ ಯಾಕೆ? ಕೆಲಸ ಮುಗಿಸಿ, ಬಾಗಿಲು ತೆರೆದು ನಿಂತಾಗ ನಾಲ್ಕನೇ ಮಹಡಿಯ ಬ್ಯಾಂಕ್ ಮ್ಯಾನೇಜರು ಒಳಗೆ ಬಂದು ಗುಂಡಿ ಒತ್ತಿ, "ಏನ್ ಮೇಸ್ತ್ರಿ, ಇದರಲ್ಲಾದರೂ ಕೊನೇ ತನಕ ಬರ್ತೀರೋ, ಇಲ್ಲ ಮಧ್ಯದಲ್ಲೇ ಇಳಿದುಬಿಡ್ತೀರೋ?" ಅಂದ. ಈ ಮನುಷ್ಯ ಅವತ್ತು ಅದೇ ವಿಮಾನದಲ್ಲಿ ಮೂರನೇ ಸಾಲಿನಲ್ಲಿದ್ದ. ಮೇಸ್ತ್ರಿಯ ದುರದೃಷ್ಟ. ವರ್ಷದಿಂದ ಅದೇ ಒಂದು ಜೋಕು, ಹಳಸಿ ನಾರುತ್ತಿದ್ದರೂ ಆ ಮಹಾನುಭಾವನಿಗೆ ಇನ್ನೂ ಬಿಸಿಬಿಸಿ. ಅದು ಹೋಗಲಿ, ಅದಕ್ಕೆ ತಾನೂ ಹಿಹಿ ಅಂತ ನಗುತ್ತೇನಲ್ಲ, ಅದೇ ಮೇಸ್ತ್ರಿಯನ್ನು ಸಂಜೆಯ ತನಕ ಕೊರೆಯುತ್ತಿತ್ತು. ಇವತ್ತು ನಗಲಿಲ್ಲ. "ಬರ್ತೀನಿ ಸಾರ್" ಅಂದ. ಮ್ಯಾನೇಜರು ಇವನ ಮುಖ ನೋಡಿ, ಮೊಬೈಲು ತೆಗೆದುಕೊಂಡ.

ಟಿಕೆಟ್ಟಿನ ಕೌಂಟರಿನಲ್ಲಿದ್ದ ಹುಡುಗಿ ಕಿಟಕಿ ಪಕ್ಕ ಬೇಕೋ ಓಡಾಡುವ ಕಡೆ ಬೇಕೋ ಅಂತ ಕೇಳಿದ್ದಳು. "ಮಧ್ಯದ್ದು ಕೊಡಮ್ಮ" ಅಂದಿದ್ದ ಮೇಸ್ತ್ರಿ. ಅವಳು ತಲೆಯೆತ್ತಿ, "ಮಧ್ಯದ್ದಾ? ಸರ್, ನಾನು ಈ ಕೆಲಸಕ್ಕೆ ಸೇರಿದಾಗಿಂದ ಮಧ್ಯದ್ದನ್ನ ಯಾರೂ ಕೇಳಿ ತಗೊಂಡಿಲ್ಲ. ಕಿಟಕಿ ಖಾಲಿ ಇದೆ ನೋಡಿ" ಅಂದಳು. "ಬೇಡ. ಎರಡೂ ಕಡೆ ಜನ ಇರಲಿ. ಆಚೆ ಕಡೆಯವರು ದಪ್ಪಗಿದ್ದರೆ ಇನ್ನೂ ಒಳ್ಳೇದು." ಅವಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಅವಳಿಗೇನು ಗೊತ್ತು, ಇವನು ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವ ಹುನ್ನಾರದಲ್ಲಿದ್ದಾನೆ ಅಂತ. ಪೆಟ್ಟಿಗೆಯನ್ನು ಕೈಯಲ್ಲೇ ಒಯ್ಯಬಹುದು, ಅಷ್ಟೇನೂ ಭಾರವಿಲ್ಲ ಅಂತಲೂ ಅವಳು ಹೇಳಿದಳು. "ಇಲ್ಲ, ಒಳಗೆ ಹಾಕಿಸಿಬಿಡಿ" ಅಂದ. ಒಳಗೆ ಹೋದ ಪೆಟ್ಟಿಗೆ ಯಾರ ಹೆಸರಿನಲ್ಲಿದೆಯೋ ಅವನು ಇಳಿದರೆ ಪೆಟ್ಟಿಗೆಯೂ ಇಳಿಯಬೇಕು, ಅದು ಕಾನೂನು. ನೂರಾರು ಪೆಟ್ಟಿಗೆಗಳ ರಾಶಿಯನ್ನು ಕೆದಕಿ ಹುಡುಕಿ ತೆಗೆದು ನೆಲಕ್ಕಿಡುವ ತನಕ ವಿಮಾನ ಒಂದಡಿ ಕದಲುವಂತಿಲ್ಲ. ಆ ಪಾಠವನ್ನು ಮೇಸ್ತ್ರಿ ಪುಸ್ತಕ ಓದಿ ಕಲಿತದ್ದಲ್ಲ.

ನೀಲಿ ಪೆಟ್ಟಿಗೆ, ಅದೇ ಪೆಟ್ಟಿಗೆ. ಅವತ್ತು ಅದರಲ್ಲಿ ಅವನವು ಎರಡು ಜೊತೆ ಬಟ್ಟೆ, ಉಳಿದದ್ದೆಲ್ಲ ಅವಳದು. ಅವಳ ತಂಗಿ ಕಾಲು ಮುರಿದುಕೊಂಡು ಮಲಗಿದ್ದಾಳೆ, ಮೂರು ವಾರ ಇದ್ದು ನೋಡಿಕೊಂಡು ಬರೋಣ ಅಂತ ಹೊರಟದ್ದು. ಇಬ್ಬರಿಗೂ ಅದೇ ಮೊದಲ ವಿಮಾನ. ಅವಳು ಕಿಟಕಿಯ ಪಕ್ಕ, ಅವನು ಈಚೆ. ಬೆಲ್ಟು ಹಾಕಿಕೊಂಡು ಕೂರುವ ತನಕ ಎಲ್ಲ ಚೆನ್ನಾಗಿಯೇ ಇತ್ತು, ಅವನೇ ಅವಳ ಬೆಲ್ಟು ಬಿಗಿದು, "ಹೆದರ್ಕೋಬೇಡ, ಇದೂ ಒಂದು ಲಿಫ್ಟೇ" ಅಂತ ದೊಡ್ಡಸ್ತಿಕೆಯಿಂದ ಹೇಳಿದ್ದ. ಆಮೇಲೆ ಬಾಗಿಲು ಮುಚ್ಚಿತು. ಬಾಗಿಲು ಮುಚ್ಚುವ ಸದ್ದು ಅವನಿಗೆ ಹೊಸದೇ? ದಿನಕ್ಕೆ ನೂರು ಸಲ ಕೇಳುವ ಸದ್ದು. ಆದರೆ ಲಿಫ್ಟಿನ ಬಾಗಿಲು ಎರಡು ತಗಡು, ಮುಚ್ಚಿದರೂ ನಡುವಿನ ಸಂದಿಯಿಂದ ಗಾಳಿ ಆಡುತ್ತಿರುತ್ತದೆ, ತೆಗೆಯುವ ಕೀಲಿ ಅವನ ಜೇಬಿನಲ್ಲಿರುತ್ತದೆ. ಈ ಬಾಗಿಲು ಗೋಡೆಯೊಳಗೆ ಗೋಡೆಯಾಗಿ ಕೂತುಬಿಟ್ಟಿತು. ಕಿವಿ ಗುಂಯ್ ಅಂದಿತು. ಎಲ್ಲೋ ಕೆಳಗೆ ಏನೋ ಗುರುಗುಟ್ಟಿತು, ಅದು ಯಾವ ಮೋಟಾರು, ಯಾವ ಹಗ್ಗ, ಯಾವ ಬ್ರೇಕು, ಒಂದೂ ತಿಳಿಯದು. ಯಾವುದನ್ನೂ ಮುಟ್ಟಿ ನೋಡಿಲ್ಲ. ಜೀವ ಬಾಯಿಗೆ ಬಂದು ಕೂತಿತು. ಎದ್ದು ನಿಂತದ್ದು ಅವನೋ ಅವನ ಕಾಲುಗಳೋ ಇವತ್ತಿಗೂ ಅವನಿಗೆ ಗೊತ್ತಿಲ್ಲ.

"ಇವಳೇ, ಏಳು. ಇಳಿಯೋಣ" ಅಂದ. ಅವಳು ಏಳಲಿಲ್ಲ. "ಸುಮ್ನೆ ಕೂತ್ಕೊಳ್ಳಿ, ಎಲ್ಲಾ ನೋಡ್ತಿದಾರೆ" ಅಂದಳು ಮೊದಲು. ಅವನು ಅಷ್ಟು ಹೊತ್ತಿಗೆ ಬಾಗಿಲ ಹತ್ತಿರ ಹೋಗಿ ಗಗನಸಖಿಯ ಕೈ ಹಿಡಿದುಕೊಂಡು ಬಾಗಿಲು ತೆಗೀರಿ ಅಂತ ಗೋಗರೆಯುತ್ತಿದ್ದ. ಇನ್ನೊಬ್ಬ ಗಗನಸಖಿ ಹೆಂಡತಿಯ ಸೀಟಿಗೆ ಹೋಗಿ, ಅಮ್ಮ ನೀವೂ ಇಳೀತೀರಾ ಅಂತ ಕೇಳಿದಾಗ ಅವಳು ತಲೆ ತಿರುಗಿಸದೆ, ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ, "ನಾನು ಇಳಿಯಲ್ಲ" ಅಂದಳು. ಅಷ್ಟು ದೂರದಿಂದ ಆ ಮೆಲುಮಾತು ತನಗೆ ಹೇಗೆ ಕೇಳಿಸಿತೋ! ಒಬ್ಬ ಪ್ರಯಾಣಿಕರು ಇಳಿಯುತ್ತಿರುವ ಕಾರಣ ವಿಮಾನ ತಡವಾಗಲಿದೆ ಅಂತ ಮೈಕಿನಲ್ಲಿ ಸಾರಿದರು. ಒಬ್ಬ. ಇಡೀ ವಿಮಾನ ಒಟ್ಟಿಗೆ ನಿಟ್ಟುಸಿರು ಬಿಟ್ಟಿತು. "ಹೆಂಗಸು ಧೈರ್ಯವಾಗಿ ಕೂತಿದಾಳೆ, ಗಂಡಸಿಗೇನಯ್ಯಾ ಬಂದಿದ್ದು" ಅಂತ ಯಾರೋ ಅಂದರು. ಅವನು ಕೆಳಗೆ ನಿಂತು, ಕೆಲಸದವರು ಒಂದೊಂದೇ ಪೆಟ್ಟಿಗೆ ಹೊರಗೆಳೆಯುವುದನ್ನು ಗಾಜಿನಾಚೆಯಿಂದ ನೋಡಿದ. ನೀಲಿ ಪೆಟ್ಟಿಗೆ ಸಿಕ್ಕಿತು. ಅವಳು ಉಟ್ಟ ಬಟ್ಟೆಯಲ್ಲಿ ಹೋದಳು, ಅವಳ ಬಟ್ಟೆಯೆಲ್ಲ ಇವನ ಹಿಂದೆ ಮನೆಗೆ ಬಂತು.

ಪಕ್ಕದ ಕುರ್ಚಿಯವನು ಟೀ ಕುಡಿದ ಕಪ್ಪನ್ನು ಹಿಸುಕಿ ಬುಟ್ಟಿಗೆಸೆದ. ಆ ಸದ್ದಿಗೆ ಮೇಸ್ತ್ರಿ ಬೆಚ್ಚಿದ. ಗೋಡೆಯ ಪರದೆಯ ಮೇಲೆ ಅವನ ವಿಮಾನದ ಎದುರು ಹಸಿರು ಅಕ್ಷರ ಬಂದಿತ್ತು. ಇನ್ನೂ ಕರೆದಿರಲಿಲ್ಲ. ಜನ ಮಾತ್ರ ಆಗಲೇ ಸಾಲುಗಟ್ಟಿ ನಿಂತಿದ್ದರು, ಮೊದಲು ಹತ್ತಿದವರಿಗೆ ಮೊದಲು ಊರು ಸಿಗುತ್ತದೇನೋ ಅನ್ನುವ ಹಾಗೆ.

ಹೆದರಿದ್ದಕ್ಕೆ ಅವನಿಗೆ ಅಷ್ಟು ನಾಚಿಕೆಯಿಲ್ಲ. ಯಾರು ಹೆದರುವುದಿಲ್ಲ? ಜಿರಲೆ ಕಂಡರೆ ಮಂಚ ಹತ್ತುವ ಪೈಲ್ವಾನರಿದ್ದಾರೆ. ಅವನನ್ನು ತಿನ್ನುತ್ತಿದ್ದುದು ಬೇರೆ. ಲಿಫ್ಟಿನ ಕೆಲಸದಲ್ಲಿ ಒಂದು ಮಾತಿದೆ, ಅವನಿಗೆ ಕೆಲಸ ಕಲಿಸಿದ ಹಿರಿ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟದ್ದು: ಮೊದಲು ಜನ, ಆಮೇಲೆ ಮೇಸ್ತ್ರಿ. ಎರಡು ಮಹಡಿಗಳ ನಡುವೆ ಲಿಫ್ಟು ನಿಂತು, ಒಳಗೆ ನೀನೂ ಸಿಕ್ಕಿಕೊಂಡಿದ್ದರೆ, ಕೊನೆಯ ಮನುಷ್ಯ ಹೊರಗೆ ಕಾಲಿಡುವ ತನಕ ನೀನು ಕದಲಕೂಡದು. ನೀನು ಮುಂಚೆ ಹಾರಿದೆ ಅಂದರೆ ಉಳಿದವರ ಎದೆ ಅಲ್ಲೇ ಒಡೆದುಹೋಗುತ್ತದೆ, ಇದನ್ನು ಬಲ್ಲವನೇ ಓಡಿದ ಅಂದಮೇಲೆ ನಮ್ಮ ಗತಿ ಏನು ಅಂತ. ಒಂದು ಸಲ ಏಳು ಜನ, ಅವರಲ್ಲೊಬ್ಬಳು ತುಂಬು ಬಸುರಿ, ಒಳಗಿದ್ದಾಗ ಕರೆಂಟು ಹೋಗಿ ಲಿಫ್ಟು ನಡುವೆ ನಿಂತಿತ್ತು. ಮೇಲಿನಿಂದ ಅವನ ಜೊತೆಗಾರ ಕೈಯಿಂದ ಚಕ್ರ ತಿರುಗಿಸಿ ಅಷ್ಟಷ್ಟೇ ಎತ್ತಿದ, ಇವನು ಒಳಗಿದ್ದು ಒಬ್ಬೊಬ್ಬರನ್ನೇ ಹೆಗಲು ಕೊಟ್ಟು ಹತ್ತಿಸಿ, ತಾನು ಕಡೆಗೆ ಬಂದ. ನೆಂಟರಿಷ್ಟರು ಸೇರಿದ ಕಡೆಯಲ್ಲೆಲ್ಲ ಈ ಕಥೆ ಆಗಲೇಬೇಕು. "ಆ ಏಳು ಜನದ್ದು ಹೇಳ್ರಿ" ಅಂತ ಹೆಂಡತಿಯೇ ಎತ್ತಿಕೊಡುತ್ತಿದ್ದಳು, ನೂರು ಸಲ ಕೇಳಿದ್ದರೂ ಮೊದಲ ಸಲ ಕೇಳುವವಳಂತೆ ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದಳು. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ. ಏಳು ಜನ ಅಪರಿಚಿತರಿಗೆ ಹೆಗಲು ಕೊಟ್ಟವನು ಕಟ್ಟಿಕೊಂಡವಳನ್ನು ಒಳಗೆ ಬಿಟ್ಟು ತಾನು ಹಾರಿದ. ವಿಮಾನದಲ್ಲಿದ್ದ ಬೇರೆ ಯಾರಿಗೂ ಈ ಮಾತು ಗೊತ್ತಿರಲಿಲ್ಲ, ಅವರ ಪಾಲಿಗೆ ಅವನು ಬರೀ ಒಬ್ಬ ಪುಕ್ಕಲ. ಗೊತ್ತಿದ್ದವಳು ಅವಳೊಬ್ಬಳು.

ಹಾಗಂತ ಅವಳು ಒಂದು ದಿನವೂ ಜಗಳ ಆಡಲಿಲ್ಲ, ಅದೂ ಒಂದು ಶಿಕ್ಷೆ. ಮೂರು ವಾರ ಮೂರು ತಿಂಗಳಾಯಿತು. ತಂಗಿಯ ಕಾಲು ಕೂಡಿತು, ತಂಗಿಯ ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂದಳು. ಬಟ್ಟೆ ಬಿಗಿ ಮಾಡಿ, ಸಡಿಲ ಮಾಡಿ, ಅಂಚು ಮಡಿಚಿ ಕೊಡುವ ಅಂಗಡಿ. ಫೋನಿನಲ್ಲಿ ಅವನು ದಿನಾ ಕ್ಷಮೆ ಕೇಳುತ್ತಿದ್ದ, ಅವಳು ದಿನಾ "ಆಯ್ತು ಬಿಡಿ, ಊಟ ಆಯ್ತಾ" ಅನ್ನುತ್ತಿದ್ದಳು. ಒಮ್ಮೆ ರೈಲಿನಲ್ಲಿ ಹೋಗಿ ಬಂದ. ಒಂದು ಹಗಲು, ಒಂದು ರಾತ್ರಿ, ಮತ್ತೆ ಅರ್ಧ ಹಗಲು. ಬಾಗಿಲು ತೆರೆದು ನೀರು ಕೊಟ್ಟಳು, ಬಿಸಿನೀರು ಕಾಯಿಸಿದಳು, ಎರಡು ಸಲ ಬಡಿಸಿದಳು. ದೂರದ ಸಂಬಂಧಿಗೆ ಮಾಡುವ ಉಪಚಾರದಲ್ಲಿ ಒಂದೂ ಕಡಿಮೆಯಾಗಲಿಲ್ಲ. ನಾದಿನಿ ಮಾತ್ರ, "ಭಾವ, ಮುಂದಿನ ಸಲ ನಡ್ಕೊಂಡೇ ಬನ್ನಿ, ಆರೋಗ್ಯಕ್ಕೆ ಒಳ್ಳೇದು" ಅಂತ ಕಾಲೆಳೆದಳು. ಹೊರಡುವ ಹೊತ್ತಿಗೆ, ರೈಲ್ವೆ ಸ್ಟೇಷನ್ನಿನಲ್ಲಿ, ಅವನು ಮನೆಗೆ ಯಾವಾಗ ಬರ್ತೀಯ ಅಂತ ಕೇಳಿಯೇಬಿಟ್ಟ. ಅವಳು ಹಳಿ ನೋಡುತ್ತ, "ನೋಡೋಣ. ನೀವು ನಿಮಗೆ ಹೇಗೆ ಅನುಕೂಲವೋ ಹಾಗೆ ಬಂದು ಹೋಗ್ತಾ ಇರಿ" ಅಂದಳು. ಅನುಕೂಲ! ಬೈದಿದ್ದರೆ, ಅತ್ತಿದ್ದರೆ, ಕೆನ್ನೆಗೆರಡು ಬಿಟ್ಟಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆ ಒಂದು ಮಾತು ರೈಲಿನುದ್ದಕ್ಕೂ ಪಕ್ಕದಲ್ಲೇ ಕೂತು ಬಂತು. ಅವತ್ತೇ ಅವನಿಗೆ ಖಾತ್ರಿಯಾಯಿತು, ಎಲ್ಲಿ ಇಳಿದೆನೋ ಅಲ್ಲೇ ಹತ್ತಬೇಕು. ಹಿತ್ತಲ ಬಾಗಿಲಿನಿಂದ ಹೋದವನನ್ನು ಹಿತ್ತಲಲ್ಲೇ ಕೂರಿಸುತ್ತಾರೆ. ಆದರೆ ಖಾತ್ರಿಯಾದದ್ದು ಕಾಲಿಗಿಳಿಯಲು ಇಷ್ಟು ದಿನ ಬೇಕಾಯಿತು.

ಕರೆದರು. ಎದ್ದ. ನೀರಿಗಿಳಿದ ಮೇಲೆ ಚಳಿಯೇನು, ಗಾಳಿಯೇನು. ಕೊಳವೆಯಂಥ ದಾರಿಯಲ್ಲಿ ಮುಂದಿನವರ ಹಿಮ್ಮಡಿ ನೋಡುತ್ತ ನಡೆದ. ನೆಲದ ರಬ್ಬರು ಅಲ್ಲಲ್ಲಿ ಎದ್ದಿತ್ತು, ಕೊನೆಯಲ್ಲಿ, ದಾರಿಗೂ ವಿಮಾನದ ಹೊಸ್ತಿಲಿಗೂ ನಡುವೆ ನಾಲ್ಕು ಬೆರಳಿನ ಸಂದಿ. ಮಟ್ಟ ಸರಿಯಿಲ್ಲ ಅಂತ ಅವನ ಕಣ್ಣು ತಾನಾಗಿ ಅಳೆಯಿತು. ಸಂದಿಯಿಂದ ಬಂದ ಹೊರಗಿನ ಗಾಳಿ ಪಾದಕ್ಕೆ ತಾಕಿತು. ದಾಟಿದ. ಬಾಗಿಲಲ್ಲಿ ನಿಂತ ಹುಡುಗಿ ಸ್ವಾಗತ ಅಂದಳು. ಅವಳು ಅವತ್ತಿನವಳೇನಾ? ಅಲ್ಲ. ಆಗಿದ್ದರೂ ಅವಳಿಗೆ ನೆನಪಿರಲಾರದು, ದಿನಕ್ಕೆ ನೂರಾರು ಮುಖ. ತನ್ನ ಜನ್ಮದ ಅವಮಾನ ಇನ್ನೊಬ್ಬರ ನೆನಪಿನಲ್ಲಿ ಒಂದು ವಾರವೂ ಉಳಿದಿರಲಿಕ್ಕಿಲ್ಲ ಅನ್ನಿಸಿ ಸಮಾಧಾನವೂ ಆಯಿತು, ಯಾಕೋ ಸ್ವಲ್ಪ ಬೇಸರವೂ ಆಯಿತು. ಕಿಟಕಿಯ ಪಕ್ಕ ಕಿವಿಗೆ ಹಾಡು ಸಿಕ್ಕಿಸಿಕೊಂಡ ಕಾಲೇಜು ಹುಡುಗಿ ಕೂತಿದ್ದಳು. ಈಚೆ ಕಡೆಗೆ ಬಂದವನು ಹಾಸಿಗೆ ವ್ಯಾಪಾರಿ, ಕೂರುವ ಮುಂಚೆಯೇ ಹೇಳಿಕೊಂಡ, ದೇವರು ನಡೆಸಿಕೊಟ್ಟ ಹಾಗೆ ಒಳ್ಳೇ ದಪ್ಪಗಿದ್ದ. "ತಿಂಗಳಿಗೆ ನಾಕು ಸಲ ಈ ದಾರಿ ಸಾರ್ ನಂದು. ಹತ್ತಿದ ಕೂಡಲೇ ನಿದ್ದೆ. ಊರು ಬಂತು ಅಂತ ಅವರೇ ಎಬ್ಬಿಸ್ತಾರೆ" ಅಂದ. ಅಂದವನು ಮಾತಿಗೆ ತಪ್ಪಲಿಲ್ಲ. ಬಾಗಿಲು ಮುಚ್ಚುವ ಮುಂಚೆಯೇ ಅವನ ಬಾಯಿ ತೆರೆದುಕೊಂಡಿತು.

ಬಾಗಿಲು ಮುಚ್ಚಿತು. ಅದೇ ಸದ್ದು, ಅದೇ ಗುಂಯ್. ವಿಮಾನ ಸ್ವಲ್ಪ ಹಿಂದೆ ಸರಿದು, ಸ್ವಲ್ಪ ಮುಂದೆ ಹೋಗಿ ನಿಂತಿತು. ನಿಂತೇ ಇತ್ತು. ಮುಂದೆ ನಾಲ್ಕು ವಿಮಾನಗಳ ಸಾಲಿದೆ, ಸ್ವಲ್ಪ ಕಾಯಬೇಕು ಅಂತ ಪೈಲಟ್ಟು ಆಕಳಿಸುವವನ ದನಿಯಲ್ಲಿ ಹೇಳಿದ. ಹೋದರೆ ಹೋಯಿತು ಅಂತ ಹಲ್ಲು ಕಚ್ಚಿದ್ದವನಿಗೆ ಈ ನಿಲ್ಲುವುದು ಲೆಕ್ಕದಲ್ಲಿರಲಿಲ್ಲ. ತಲೆಯ ಮೇಲಿನ ತೂತಿನಿಂದ ಬರುತ್ತಿದ್ದ ಗಾಳಿ ನಿಂತಂತೆ, ನೂರೆಂಬತ್ತು ಜನ ಒಂದೇ ಉಸಿರನ್ನು ಹಂಚಿಕೊಂಡಂತೆ ಅನ್ನಿಸಿತು. ಇನ್ನೂ ನೆಲದ ಮೇಲೇ ಇದ್ದೇವೆ. ಈಗ ಹೇಳಿದರೆ ಈಗಲೂ ಬಾಗಿಲು ತೆಗೆದಾರು. ಪೆಟ್ಟಿಗೆ ಹುಡುಕಲಿ, ಜನ ಬೈಯಲಿ, ಒಮ್ಮೆ ಬೈಸಿಕೊಂಡವನಿಗೆ ಇನ್ನೊಮ್ಮೆ ಏನು ಮಹಾ. ಮನೆಗೆ ಹೋಗಿ ಫ್ಯಾನಿನ ಕೆಳಗೆ ಮಲಗಬಹುದು. ಯಾರಿಗೂ ಹೇಳಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ? ಹೇಳದೆ ಬಂದದ್ದು ಇದಕ್ಕೇನಾ ಹಾಗಾದರೆ? ಕೈ ತಾನೇ ಎದ್ದು ತಲೆಯ ಮೇಲಿನ ಗುಂಡಿ ಒತ್ತಿತು. ಟಿಣ್ ಅಂದಿತು. ಹುಡುಗಿ ಬಂದು ಬಗ್ಗಿದಳು. "ಏನು ಬೇಕಿತ್ತು ಸರ್?"

ಅವನ ಬಾಯೊಳಗೆ ಮಾತು ಸಿದ್ಧವಾಗಿ ಕೂತಿತ್ತು. ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಅವಳ ಮುಖ ನೋಡಿದ, ಹುಬ್ಬಿನ ಮೇಲೆ ಒಂದು ಸಣ್ಣ ಮೊಡವೆ. ಹೇಳಿದರೆ ಈ ಮುಖ ಹೇಗೆ ಬದಲಾಗುತ್ತದೆ ಅನ್ನುವುದು ಅವನಿಗೆ ಬಾಯಿಪಾಠ. ಅದಕ್ಕೂ ಅವನು ಹೆದರಲಿಲ್ಲ. ಹೆದರಿದ್ದು ನಾಳೆಗೆ. ನಾಳೆ ಬೆಳಿಗ್ಗೆ ಎದ್ದು, ಮೊಬೈಲು ತೆಗೆದು, ಮತ್ತೆ ಆ ಎರಡು ಸಾಲು ಓದಬೇಕಲ್ಲ, ನಾಡಿದ್ದೂ ಓದಬೇಕಲ್ಲ, ಮುದುಕನಾಗುವ ತನಕ ಓದುತ್ತ ಕೂರಬೇಕಲ್ಲ ಅನ್ನುವುದಕ್ಕೆ.

"ನೀರು" ಅಂದ.

"ಮೇಲೆ ಹೋದ ತಕ್ಷಣ ಕೊಡ್ತೀನಿ ಸರ್. ಹುಷಾರಾಗಿದೀರಾ?"

"ಇಲ್ಲ. ಆದ್ರೂ ಪರವಾಗಿಲ್ಲ, ನೀನು ಹೋಗಮ್ಮ."

ಅವಳು ಹೋದಳು. ಅಷ್ಟರಲ್ಲಿ ಹಾಸಿಗೆ ವ್ಯಾಪಾರಿಯ ತಲೆ ಜಾರಿ ಮೇಸ್ತ್ರಿಯ ಭುಜದ ಮೇಲೆ ಬಿತ್ತು. ಎಣ್ಣೆ ಹಚ್ಚಿದ, ಭಾರದ ತಲೆ. ತಳ್ಳಲಿಲ್ಲ. ವಿಮಾನ ತಿರುಗಿತು, ಒಂದು ಸಲ ಬುಸುಗುಟ್ಟಿತು, ಆಮೇಲೆ ಓಡತೊಡಗಿತು. ಯಾವ ಲಿಫ್ಟೂ ಓಡದ ಹಾಗೆ, ಅಡ್ಡಡ್ಡ, ಮೈಯೆಲ್ಲ ಅದುರಿಸುತ್ತ ಓಡಿತು. ಮೇಸ್ತ್ರಿ ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಬೆಲ್ಟು ಹಿಡಿದು, ಗಟ್ಟಿಯಾಗಿಯೇ "ಹೋಗು, ಹೋಗು ಅತ್ಲಾಗೆ" ಅಂದ. ನೆಲ ಬಿಟ್ಟುಹೋಯಿತು. ಬಿಟ್ಟುಹೋದದ್ದು ಹೊಟ್ಟೆಗೆ ಮೊದಲು ಗೊತ್ತಾಯಿತು. ಕಿಟಕಿಯ ಹುಡುಗಿ ಕಿವಿಯ ಹಾಡು ತೆಗೆದು, "ಅಂಕಲ್, ನೀವು ನನ್ನ ಬೆಲ್ಟೂ ಹಿಡ್ಕೊಂಡಿದೀರ" ಅಂದಳು. ನಾಚಿಕೆಯಿಂದ ಬಿಟ್ಟ. ಆಮೇಲಿನದು ಅವನಿಗೆ ಸರಿಯಾಗಿ ನೆನಪಿಲ್ಲ. ನೀರು ಬಂತು, ಅರ್ಧ ಅಂಗಿಯ ಮೇಲೆ ಹೋಯಿತು. ವಿಮಾನ ಎರಡು ಸಲ ಕುಲುಕಿತು, ಎರಡು ಸಲವೂ ಸತ್ತೆ ಅಂದುಕೊಂಡ. ಕಣ್ಣು ತೆರೆಯಲೇ ಇಲ್ಲ. ಕತ್ತಲಲ್ಲಿ ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ನಿನ್ನನ್ನು ಒಳಗೆ ಬಿಟ್ಟು ಇಳಿದೆ, ಇಳಿಯಬಾರದಿತ್ತು, ಇವತ್ತು ಇಳಿಯಲಿಲ್ಲ, ನೋಡು. ಅವಳು ಅಳಬಹುದು. ಅತ್ತರೆ ಕೈ ಹಿಡಿಯಬೇಕು. ಸಂಜೆಯ ರೈಲಿಗೆ ಇಬ್ಬರೂ ಹೊರಡಬಹುದು. ಮರಳಿ ಹೋಗಲು ಅವನು ಟಿಕೆಟ್ಟು ತೆಗೆದಿರಲಿಲ್ಲ. ಮತ್ತೊಮ್ಮೆ ಈ ಡಬ್ಬಿಯೊಳಗೆ ಕೂರಬೇಕಾಗಬಹುದು ಅನ್ನುವ ಯೋಚನೆಯೇ ಅವನಿಗೆ ಬಂದಿರಲಿಲ್ಲ. ಹರಕೆ ಒಂದು ಸಲ ತೀರಿಸಿದರೆ ಮುಗಿಯಿತಲ್ಲ.

ಚಕ್ರ ನೆಲಕ್ಕೆ ಬಡಿದಾಗ ಹಾಸಿಗೆ ವ್ಯಾಪಾರಿ ಎದ್ದು, ಬಾಯಿ ಒರೆಸಿಕೊಂಡು, "ಬಂತಾ? ಗೊತ್ತೇ ಆಗಲ್ಲ ನೋಡಿ" ಅಂದ. ಮೇಸ್ತ್ರಿಗೆ ಅವನ ಕತ್ತು ಹಿಸುಕಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

ನಾದಿನಿಯ ಅಂಗಡಿ ಒಂದು ಇಕ್ಕಟ್ಟು ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಬೀಗದ ಕೈ ಮಾಡುವವನಿಗೂ ನಡುವೆ. ಗಾಜಿನ ಬಾಗಿಲು, ಒಳಗೆ ಟ್ಯೂಬ್‌ಲೈಟು, ಗೋಡೆಯುದ್ದಕ್ಕೂ ಕೊಕ್ಕೆಗೆ ನೇತುಹಾಕಿದ ಬೇರೆಯವರ ಪ್ಯಾಂಟು, ಕೋಟು, ಮದುವೆಯ ಬಟ್ಟೆ. ನೀಲಿ ಪೆಟ್ಟಿಗೆ ಎಳೆದುಕೊಂಡು ಬಂದವನನ್ನು ಮೊದಲು ಕಂಡದ್ದು ನಾದಿನಿ. "ಅಯ್ಯೋ, ಭಾವ!" ಅಂದಳು. ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಕಾಲು ಚಿಕ್ಕದು ಮಾಡುತ್ತಿದ್ದಳು. ಕನ್ನಡಕ ಹಾಕಿದ್ದಳು. ಕನ್ನಡಕ ಯಾವಾಗ ಬಂತು? ಅದರ ಮೇಲಿಂದ ನೋಡಿ, "ಬಂದ್ರಾ. ಯಾವ ರೈಲು?" ಅಂದಳು.

"ರೈಲಲ್ಲ."

ಮಿಷನ್ನು ನಿಂತಿತು. ನಾದಿನಿ ಇವನ ಒದ್ದೆ ಅಂಗಿ, ಕೆದರಿದ ತಲೆ, ಪೆಟ್ಟಿಗೆಯ ಹಿಡಿಗೆ ಕಟ್ಟಿದ್ದ ವಿಮಾನದ ಚೀಟಿ ಎಲ್ಲ ನೋಡಿದಳು. "ನಿಜ ಹೇಳಿ ಭಾವ, ಕೈಕಾಲು ಕಟ್ಟಿ ತಂದು ಹಾಕಿದ್ರಾ?" ಅಂದಳು, ಅಂದವಳು ಅಕ್ಕನ ಮುಖ ನೋಡಿ, "ನಾನು ದಾರ ತಗೊಂಡ್ಬರ್ತೀನಿ. ಕಪ್ಪು ದಾರ ಮುಗಿದಿದೆ" ಅಂತ ಕಪ್ಪು ದಾರದ ಉಂಡೆಗಳಿದ್ದ ಡಬ್ಬಿಯ ಮುಂದೆಯೇ ಚಪ್ಪಲಿ ಮೆಟ್ಟಿ ಹೊರಗೆ ಹೋದಳು.

ಮೇಸ್ತ್ರಿ ನಿಂತುಕೊಂಡೇ ಶುರು ಮಾಡಿದ. "ಇವಳೇ, ಅವತ್ತು ನಾನು ನಿನ್ನನ್ನ ಒಳಗೆ ಬಿಟ್ಟು..."

"ಬೇಡ" ಅಂದಳು. "ಆ ಮಾತು ಫೋನಲ್ಲಿ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ದಿನಾ ಕ್ಷಮಿಸು, ಕ್ಷಮಿಸು. ನಾನು ಹೀಗೆ ಮಾಡಿದೆ, ನನಗೆ ಹಾಗಾಯ್ತು, ನನ್ನ ಮಾನ ಹೋಯ್ತು. ಅ‌ವತ್ತು ನೀನು ಹೇಗೆ ಹೋದೆ ಅಂತ ಒಂದು ದಿನ ಕೇಳಿದ್ರಾ?"

ಮೇಸ್ತ್ರಿ ಕೇಳಿರಲಿಲ್ಲ. ವರ್ಷದಿಂದ ಅದೇ ವಿಮಾನವನ್ನು ನೆನೆದು ನೆನೆದು ನಿದ್ದೆಗೆಟ್ಟವನು, ಅವನ ನೆನಪಿನಲ್ಲಿ ಆ ವಿಮಾನ ನಿಲ್ದಾಣ ಬಿಟ್ಟು ಮೇಲೇಳಲೇ ಇಲ್ಲ. ಅವನು ಇಳಿದಲ್ಲಿಗೆ ಕಥೆ ಮುಗಿದಿತ್ತು. ಅದು ಆಮೇಲೆ ಹಾರಿತು, ಅದರೊಳಗೆ ಒಬ್ಬಳು ಕೂತಿದ್ದಳು ಅನ್ನುವುದು ಈಗ, ಈ ಟ್ಯೂಬ್‌ಲೈಟಿನ ಕೆಳಗೆ, ಹೊಸದಾಗಿ ಕೇಳುತ್ತಿದ್ದಾನೆ.

"ಹೇಗೆ ಹೋದೆ?" ಅಂದ.

ಅವಳು ಪ್ಯಾಂಟಿನ ಅಂಚಿನಿಂದ ಒಂದು ಗುಂಡುಸೂಜಿ ತೆಗೆದು ಬಟ್ಟಲಿಗೆ ಹಾಕಿದಳು. "ನಂದೂ ಅದೇ ಮೊದಲ ಸಲ ಅಲ್ವಾ. ನಂಗೂ ಕೈಕಾಲು ತಣ್ಣಗಾಗಿತ್ತು. ನಿಮ್ಮ ಜೊತೆ ಇಳಿದುಬಿಡಬೇಕು ಅಂತಾನೇ ಇತ್ತು. ಆದರೆ ತಂಗಿ ಅಲ್ಲಿ ಒಬ್ಬಳೇ ಬಿದ್ದಿದಾಳೆ. ಕೂತೆ. ಪಕ್ಕದ ಸೀಟು ಖಾಲಿ, ಎಲ್ಲರೂ ಇವಳೇ ಅವನ ಹೆಂಡತಿ ಅಂತ ನೋಡ್ತಿದಾರೆ. ಅರ್ಧ ದಾರಿ ಅತ್ತೆ. ಆಮೇಲೆ ಅಳು ತಾನಾಗೇ ನಿಂತುಹೋಯ್ತು." ಅವಳು ಕನ್ನಡಕ ತೆಗೆದಳು. "ಆಮೇಲೆ ಹಾಯಾಯ್ತು ರೀ. ಸುಳ್ಳು ಯಾಕೆ ಹೇಳಲಿ. ಮದುವೆಯಾದ ಮೇಲೆ ನಾನು ಒಬ್ಬಳೇ ಎಲ್ಲಿಗೂ ಹೋಗಿರಲಿಲ್ಲ. ಇಳಿದಾಗ ಕೈಯಲ್ಲಿ ಪೆಟ್ಟಿಗೆ ಇಲ್ಲ, ಬಟ್ಟೆ ಇಲ್ಲ, ಹಾಗೆ ಮಾಡು ಹೀಗೆ ಮಾಡು ಅನ್ನೋಕೆ ನೀವೂ ಇಲ್ಲ. ನಡ್ಕೊಂಡು ಹೊರಗೆ ಬಂದೆ. ಎಷ್ಟು ಹಗುರ ಅನ್ನಿಸ್ತು ಗೊತ್ತಾ. ವಾಪಸ್ ಬಂದರೆ ಅದು ಹೋಗಿಬಿಡುತ್ತೆ ಅಂತ ಹೆದರಿಕೆ ಆಯ್ತು. ಅದಕ್ಕೇ ಬರಲಿಲ್ಲ. ನಿಮ್ಮ ಮೇಲಿನ ಸಿಟ್ಟಿಗಲ್ಲ."

ಬೈಗುಳಕ್ಕೆ, ಅಳುವಿಗೆ, ಮೌನಕ್ಕೆ ಕೂಡ ಮೇಸ್ತ್ರಿ ತಯಾರಾಗಿ ಬಂದಿದ್ದ. ಇದಕ್ಕೆ ಆಗಿರಲಿಲ್ಲ. ಮೊದಲು ಹೊಟ್ಟೆ ಉರಿಯಿತು. ತಾನಿಲ್ಲಿ ಒಂದು ವರ್ಷ ಕೊರಗಿ ಕೊರಗಿ ಕಡ್ಡಿಯಾದೆ, ಇವಳು ಹಾಯಾಗಿದ್ದಳಂತೆ! ಕ್ಷಮಿಸುವುದಕ್ಕೆ ಇವಳ ಹತ್ತಿರ ಏನೂ ಇರಲೇ ಇಲ್ಲ. ಏಳುನೂರ ನಲವತ್ತು ಕಿಲೋಮೀಟರು ಜೀವ ಕೈಯಲ್ಲಿ ಹಿಡಿದು ಹೊತ್ತು ತಂದ ತಪ್ಪನ್ನು ಇಳಿಸಲು ಇಲ್ಲಿ ಜಾಗವೇ ಇಲ್ಲ. ಹೊರಟುಬಿಡಬಹುದಿತ್ತು. ಗಾಜಿನ ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು, ಕೀಲಿಯೂ ಹಾಕಿರಲಿಲ್ಲ. ಎದೆ ಬಡಿದುಕೊಳ್ಳುತ್ತಿತ್ತು, ವಿಮಾನದಲ್ಲಿ ಬಡಿದುಕೊಂಡದ್ದಕ್ಕಿಂತ ಜೋರಾಗಿ. ಗಿರಾಕಿಗಳಿಗೆ ಇಟ್ಟಿದ್ದ ಒಂದು ಪ್ಲಾಸ್ಟಿಕ್ ಸ್ಟೂಲಿತ್ತು. ಅದನ್ನು ಎಳೆದುಕೊಂಡು ಕೂತ. ಪ್ಯಾಂಟು ಬಿಡಿಸಿಕೊಂಡು ಹೋಗಲು ಬಂದ ಒಬ್ಬ ಬಾಗಿಲು ತಳ್ಳಿ, ಇವರಿಬ್ಬರ ಮುಖ ನೋಡಿ, ಆಮೇಲೆ ಬರ್ತೀನಿ ಅಂತ ಹಾಗೇ ಹೋದ.

"ಮನೆಗೆ ಬರ್ತೀಯಾ?" ಅಂದ.

"ಸದ್ಯಕ್ಕಿಲ್ಲ."

"ಆಮೇಲೆ?"

"ಗೊತ್ತಿಲ್ಲ. ಮಾತು ಕೊಡಲ್ಲ."

ಹೊರಗೆ ಬೀಗದ ಕೈಯವನು ಏನನ್ನೋ ಅರದಿಂದ ಉಜ್ಜುತ್ತಿದ್ದ. ನಾಳೆ ಕೆಲಸಕ್ಕೆ ಹೋಗಬೇಕು, ರೈಲಿನಲ್ಲಿ ಹೋದರೆ ಎರಡು ದಿನ ಹಾಳು. ನಾಳೆ ಬೆಳಿಗ್ಗೆಯೇ ಮತ್ತೆ ಆ ಬಾಗಿಲೊಳಗೆ ಕೂರಬೇಕು ಅನ್ನುವುದು ಆಗ ಅವನಿಗೆ ಹೊಳೆಯಿತು.

"ಹಾಗಾದ್ರೆ ನಾನೇ ಬರ್ತಾ ಇರ್ತೀನಿ. ತಿಂಗಳಿಗೆ ಎರಡು ಸಲ. ಶನಿವಾರ ಬಂದು ಭಾನುವಾರ ಹೋಗ್ತೀನಿ. ಬಾ ಅಂತ ಕೇಳಲ್ಲ. ನೀನು ಹೇಳಿದ್ದನ್ನ ಕೇಳಿಸ್ಕೊಂಡು ಹೋಗ್ತೀನಿ."

"ವಿಮಾನದಲ್ಲಾ?"

"ವಿಮಾನದಲ್ಲೇ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ನೋಡುತ್ತ ನೋಡುತ್ತ ಅವಳ ತುಟಿಯಂಚಿನಲ್ಲಿ ನಗು ಬಂತು, ತಡೆದಳು, ತಡೆಯಲಾಗಲಿಲ್ಲ. "ಹೆದರಿಕೆ ಹೋಯ್ತಾ ಹಾಗಾದ್ರೆ?"

"ಎಲ್ಲಿ ಹೋಗುತ್ತೆ" ಅಂದ ಮೇಸ್ತ್ರಿ. "ಬರುವಾಗಲೂ ಇತ್ತು. ನಾಳೆ ಹೋಗುವಾಗಲೂ ಇರುತ್ತೆ."